ಕಮಲಾದೇವಿಯವರೂ ನಮ್ಮ ಮಗ್ಗಗಳೂ

ಹುಬ್ಬಳ್ಳಿಯ ಜವಳಿ ಸಾಲಿನಲ್ಲಿಯೂ ಧಾರವಾಡದ ಸುಭಾಸ ರಸ್ತೆಯಲ್ಲಿಯೂ ಈಗ ಕೆಲವು ವರ್ಷಗಳಿಂದ ಒಂದು ನೋಟವು ನಮ್ಮ ಕಣ್ಣಿಗೆ ಬೀಳುತ್ತಿದೆ. ನಮ್ಮ ಅಜ್ಜಿಯಂದಿರು ನಿತ್ಯವೂ ಉಟ್ಟ, ನಮ್ಮ ತಾಯಂದಿರು ಟ್ರಂಕಿನಲ್ಲಿ ಮಡಿಸಿಟ್ಟ, ನಮ್ಮ ಅಕ್ಕತಂಗಿಯರು ಹಳ್ಳಿಯವರ ಉಡುಗೆಯೆಂದು ಮೂಗು ಮುರಿದ ಇಳಕಲ್ ಸೀರೆಯು ಅಂಗಡಿಯ ಗಾಜಿನ ಕಪಾಟಿನಲ್ಲಿ ಮುಂದಿನ ಸಾಲಿಗೆ ಬಂದು ಕುಳಿತಿದೆ. ಗುಳೇದಗುಡ್ಡದ ಖಣವನ್ನು ಕಾಲೇಜಿನ ತರುಣಿಯರು ಹುಡುಕಿ ಕೊಳ್ಳುತ್ತಿದ್ದಾರೆ. ಮದುವೆಯ ಮನೆಗಳಲ್ಲಿ ವರನ ಗೆಳೆಯರೆಲ್ಲರೂ ಧೋತರವುಟ್ಟು ರುಮಾಲು ಸುತ್ತಿಸಿಕೊಳ್ಳುತ್ತಾರೆ; ಸುತ್ತಲು ತಮಗೆ ಬಾರದಾದ್ದರಿಂದ ಬಲ್ಲ ಹಿರಿಯರೊಬ್ಬರನ್ನು ಓಣಿಯೆಲ್ಲ ಹುಡುಕಿ ಕರೆತರುತ್ತಾರೆ. ಆ ಹಿರಿಯರು ಆ ಒಂದು ದಿನದ ಮಟ್ಟಿಗೆ ವರನಿಗಿಂತಲೂ ದೊಡ್ಡವರಾಗುತ್ತಾರೆ.

ಇದನ್ನು ಕಂಡು ನಮಗೆ ಸಂತೋಷವಾಗಿದೆ. ಆದರೆ ಈ ಮಾತು ಬಂದಾಗಲೆಲ್ಲ, ಉಡುಗೆಯ ರೂಢಿಯು ಗಾಡಿಯ ಚಕ್ರವಿದ್ದಂತೆ, ಕೆಳಗೆ ಹೋದದ್ದು ಕಾಲಕ್ಕೆ ತಾನಾಗಿಯೇ ಮೇಲೆ ಬರುತ್ತದೆ ಎಂದು ಹೇಳಿ ಸುಮ್ಮನಾಗುವವರು ಬಹು ಜನ. ನಮಗೆ ಅದು ಸರಿಯೆನಿಸುವುದಿಲ್ಲ. ಉಡುವವರ ಮನಸ್ಸು ತಿರುಗಬಹುದು. ಆದರೆ ಅದು ತಿರುಗುವ ಹೊತ್ತಿಗೆ ನೇಯುವವನು ಮಗ್ಗವನ್ನು ಕಿತ್ತು ಉರುವಲಿಗೆ ಮಾರಿ, ಯಾವುದೋ ಪಟ್ಟಣದ ಖಾನಾವಳಿಯಲ್ಲಿ ನೀರು ಕೊಡುವ ಕೆಲಸಕ್ಕೆ ನಿಂತಿದ್ದರೆ, ಮರಳಿ ಬರುವುದು ಏನು? ಹಳೆಯ ಬಟ್ಟೆಯು ಮರಳಿ ಬರಬೇಕಾದರೆ ನಡುವಿನ ಬರಗಾಲದಲ್ಲಿ ಯಾರೋ ಒಬ್ಬರು ಅದರ ಬೀಜವನ್ನು ಕಾಯ್ದಿಟ್ಟಿರಬೇಕು. ಭಾರತದಲ್ಲಿ ಆ ಬೀಜವನ್ನು ಕಾಯ್ದಿಟ್ಟವರಲ್ಲಿ ಮೊದಲಿಗರು ಕನ್ನಡನಾಡಿನ ಮಗಳಾದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು. ಅವರು ತೀರಿಕೊಂಡು ಮೂರೂವರೆ ದಶಕಗಳಿಗೂ ಮೇಲಾಯಿತು. ಅವರ ಸಾರ್ವಜನಿಕ ಜೀವನದ ಮೊದಲ ಹೆಜ್ಜೆಗಳಿಗೆ ಹುಬ್ಬಳ್ಳಿಯ ಸಂಬಂಧವಿತ್ತೆಂಬುದನ್ನು ನಮ್ಮ ಊರೇ ಮರೆತಿರುವುದರಿಂದ ಅವರ ಚರಿತ್ರವನ್ನು ಇಂದು ವಾಚಕರ ಮುಂದೆ ಇಡುತ್ತೇವೆ.

ಕಮಲಾದೇವಿಯವರು 1903ನೆಯ ಇಸವಿ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ದೊಡ್ಡ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿಯವರು ವಿದ್ಯಾಸಕ್ತಿಯುಳ್ಳ ದಿಟ್ಟ ಹೆಣ್ಣುಮಗಳು. ಮಗಳಿಗೆ ಏಳು ವರ್ಷವಾಗಿರುವಾಗ ತಂದೆಯವರು ಮೃತ್ಯುಪತ್ರವನ್ನು ಬರೆದಿಡದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನ ಪಾಲಾಯಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ಉಳಿದದ್ದು ಅನ್ನವಸ್ತ್ರದ ಹಂಗು ಮಾತ್ರ. ಗಿರಿಜಾಬಾಯಿಯವರು ಆ ಹಂಗನ್ನು ಬೇಡವೆಂದು ತವರಿನಿಂದ ತಮಗೆ ಬಂದ ಆಸ್ತಿಯಿಂದಲೇ ಮಕ್ಕಳನ್ನು ಸಾಕಿದರು. ದೊಡ್ಡ ಮನೆಯಲ್ಲಿ ಹುಟ್ಟಿ ಒಂದೇ ದಿನದಲ್ಲಿ ಪಾಲಿಲ್ಲದವರಾದ ಈ ಅನುಭವವು, ದುಡಿಯುವವರ ಕೈಗೆ ಫಲ ಸೇರದ ಯಾವ ವ್ಯವಸ್ಥೆಯನ್ನೂ ಸಹಿಸದ ಸ್ವಭಾವವನ್ನು ಆ ಬಾಲಕಿಯಲ್ಲಿ ಬೆಳೆಸಿತೆಂದು ನಾವು ಭಾವಿಸುತ್ತೇವೆ.

ಹದಿನಾಲ್ಕು ವರ್ಷಕ್ಕೆ ಮದುವೆಯಾಯಿತು. ಎರಡು ವರ್ಷಗಳೊಳಗಾಗಿ ವೈಧವ್ಯವೂ ಬಂದಿತು. ಅಂದಿನ ಬ್ರಾಹ್ಮಣ ಮನೆಗಳಲ್ಲಿ ಇಂಥ ಹುಡುಗಿಯ ಉಡುಗೆಯು ಏನಾಗುತ್ತಿತ್ತೆಂಬುದನ್ನು ನಮ್ಮ ಹಿರಿಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣದ ಸೀರೆಯೂ ಕುಪ್ಪಸವೂ ಹೂವೂ ಬಳೆಯೂ ಒಂದೇ ದಿನದಲ್ಲಿ ಹೋಗುತ್ತಿದ್ದವು. ಗಿರಿಜಾಬಾಯಿಯವರು ಮಗಳನ್ನು ಆ ದಾರಿಗೆ ಬಿಡಲಿಲ್ಲ. ಕಮಲಾದೇವಿಯವರು ಮದ್ರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಓದಿದರು. ಅಲ್ಲಿದ್ದಾಗಲೇ ಸರೋಜಿನಿ ನಾಯಿಡು ಅವರ ತಮ್ಮಂದಿರೂ ಕವಿಗಳೂ ಆದ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ವಿವಾಹವೂ ಆಯಿತು. ವಿಧವೆಯ ಪುನರ್ವಿವಾಹ, ಅದರಲ್ಲಿಯೂ ಪರಭಾಷೆಯವರೊಡನೆ! ನೆಂಟರಿಷ್ಟರು ಕೋಪಿಸಿಕೊಂಡರು. ಮುಂದೆ ಅರುವತ್ತು ವರ್ಷಗಳ ಕಾಲ ಈ ಮಹಿಳೆಯು ಸಭೆಗಳಿಗೆ ಗಾಢ ವರ್ಣದ ಕೈಮಗ್ಗದ ಸೀರೆಯುಟ್ಟು, ಮುಡಿಯಲ್ಲಿ ಹೂವಿಟ್ಟು, ಹಳ್ಳಿಯ ಅಕ್ಕಸಾಲಿಗರು ಮಾಡಿದ ದಪ್ಪ ಆಭರಣಗಳನ್ನು ತೊಟ್ಟು ಬರುತ್ತಿದ್ದುದನ್ನು ಕೆಲವರು ಶೋಕಿಯೆಂದು ಬಗೆದರು. ಹದಿನಾರರಲ್ಲಿ ಬಣ್ಣವನ್ನೇ ಕಳೆದುಕೊಳ್ಳಬೇಕಾಗಿದ್ದವರು ಅವರೆಂಬುದನ್ನು ನೆನೆದರೆ ಆ ಉಡುಗೆಯ ಅರ್ಥವು ಬೇರೆಯಾಗಿ ಕಾಣುತ್ತದೆ.

ದಂಪತಿಗಳು ಇಂಗ್ಲಂಡಿಗೆ ಹೋದರು. ಗಾಂಧೀಜಿಯವರ ಚಳವಳಿಯ ಸುದ್ದಿಯು ಅಲ್ಲಿಗೆ ಮುಟ್ಟಲು ಕಮಲಾದೇವಿಯವರು 1923ರಲ್ಲಿ ಸ್ವದೇಶಕ್ಕೆ ಮರಳಿದರು. ಇಲ್ಲಿಂದ ನಮ್ಮ ಹುಬ್ಬಳ್ಳಿಯ ಸಂಬಂಧವು ಮೊದಲಾಗುತ್ತದೆ.

ಆ ವರ್ಷವೇ ನಾಗಪುರದಲ್ಲಿ ಧ್ವಜ ಸತ್ಯಾಗ್ರಹವು ನಡೆಯಿತು. ಧಾರವಾಡದಲ್ಲಿ ಹುಟ್ಟಿ, ಅಮೇರಿಕೆಯಲ್ಲಿ ವೈದ್ಯವಿದ್ಯೆಯನ್ನು ಕಲಿತು ಬಂದು, ಹುಬ್ಬಳ್ಳಿಯನ್ನು ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡಿದ್ದ ಡಾಕ್ಟರ ನಾ. ಸು. ಹರ್ಡೀಕರರು ತಮ್ಮ ಸ್ವಯಂಸೇವಕರೊಂದಿಗೆ ಅಲ್ಲಿ ಸೆರೆಮನೆಗೆ ಹೋದರು. ಕ್ಷಮೆ ಬೇಡಿ ಹೊರಬಂದವರು ಹಲವರಿದ್ದರು. ಹುಬ್ಬಳ್ಳಿಯ ತಂಡದವರು ಬೇಡಲಿಲ್ಲ. ಈ ಶಿಸ್ತನ್ನು ಕಂಡೇ ಅದೇ ಡಿಸೆಂಬರಿನ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಸ್ವಯಂಸೇವಕರ ಅಖಿಲ ಭಾರತ ಸಂಘಟನೆಗೆ ಒಪ್ಪಿಗೆ ದೊರೆಯಿತು. ಅದೇ ಮುಂದೆ ಹಿಂದುಸ್ತಾನಿ ಸೇವಾದಳವೆಂದು ದೇಶದಲ್ಲೆಲ್ಲ ಹೆಸರಾಯಿತು. ಅದರ ಮೊದಲ ವರ್ಷಗಳ ಕೇಂದ್ರವು ಹುಬ್ಬಳ್ಳಿಯೇ. ಕಮಲಾದೇವಿಯವರು ಈ ದಳವನ್ನು ಸೇರಿ ಅದರ ಮಹಿಳಾ ವಿಭಾಗದ ಭಾರವನ್ನು ಹೊತ್ತರು. ಹೆಣ್ಣುಮಕ್ಕಳು ಸಾಲಾಗಿ ನಿಂತು ಕವಾಯತು ಮಾಡುವುದನ್ನು ಅಂದು ನಮ್ಮ ಊರುಗಳ ಗೃಹಸ್ಥರು ಊಹಿಸಲೂ ಆರದವರಾಗಿದ್ದರು.

ಮರುವರ್ಷ ಬೆಳಗಾವಿಯ ಕಾಂಗ್ರೆಸ್ಸು. ಮಹಾತ್ಮರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವಿದು. 1924ರ ಡಿಸೆಂಬರ 26 ಮತ್ತು 27ರಂದು ನಡೆಯಿತು. ಕಮಲಾದೇವಿಯವರು ಅಲ್ಲಿ ಮಹಿಳಾ ಸ್ವಯಂಸೇವಿಕೆಯರ ಮುಂದಾಳಾಗಿದ್ದರು. ವಸ್ತ್ರದ ಚರಿತ್ರೆಯಲ್ಲಿಯೂ ಬೆಳಗಾವಿಗೆ ಒಂದು ಸ್ಥಾನವಿದೆ. ಕಾಂಗ್ರೆಸ್ಸಿನ ಸದಸ್ಯರಾಗಬೇಕಾದವರು ನಾಲ್ಕಾಣೆಯ ಬದಲು ತಿಂಗಳಿಗೆ 2000 ಗಜ ನೂಲನ್ನು ಕೊಡಬೇಕು, ತಾವು ನೂತಾದರೂ ಸರಿ, ನೂಲಿಸಿಯಾದರೂ ಸರಿ ಎಂಬ ಕಟ್ಟಳೆಯು ಅಲ್ಲಿ ಅಂಗೀಕಾರವಾಯಿತು. ವಕೀಲರೂ ಜಮೀನದಾರರೂ ತಕಲಿಯನ್ನು ಹಿಡಿದು ಎಳೆಯನ್ನು ಪದೇ ಪದೇ ಹರಿದುಕೊಂಡ ಕಥೆಗಳು ನಮ್ಮ ಭಾಗದ ಹಳೆಯ ಮನೆಗಳಲ್ಲಿ ಬಹಳ ದಿನ ನಗುವಿನ ವಿಷಯವಾಗಿದ್ದವು. ಆ ಕಟ್ಟಳೆಯು ಒಂದು ವರ್ಷವೂ ನಿಲ್ಲಲಿಲ್ಲ. 1925ರ ಸಪ್ಟೆಂಬರಿನಲ್ಲಿ ಪಾಟಣಾದಲ್ಲಿ ಅದನ್ನು ಸಡಿಲಿಸಿ, ಖಾದಿಯ ಕೆಲಸಕ್ಕೆಂದು ಅಖಿಲ ಭಾರತ ಚರಕಾ ಸಂಘವನ್ನು ಬೇರೆಯಾಗಿ ಸ್ಥಾಪಿಸಿದರು. ಬಟ್ಟೆಯನ್ನು ಆಜ್ಞೆಯಿಂದ ಮರಳಿ ತರಲಾಗದು ಎಂಬ ಪಾಠವು ಅಂದೇ ದೊರೆಯಿತು. ತರುಣಿ ಕಮಲಾದೇವಿಯವರು ಅದನ್ನು ಹತ್ತಿರದಿಂದ ಕಂಡವರು.

1926ರಲ್ಲಿ ಮದ್ರಾಸ ಪ್ರಾಂತದ ಶಾಸನಸಭೆಯ ಚುನಾವಣೆಗೆ ನಿಂತು ಸ್ವಲ್ಪ ಮತಗಳಿಂದ ಸೋತರು. ಭಾರತದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಅವರೇ. 1927ರಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಹುಟ್ಟಿದಾಗ ಅದರ ಸಂಘಟನೆಯ ಕಾರ್ಯದರ್ಶಿಯಾದರು. ಬಳಿಕ 1930 ಬಂದಿತು. ಉಪ್ಪಿನ ಸತ್ಯಾಗ್ರಹದ ದಂಡಯಾತ್ರೆಯಲ್ಲಿ ಗಾಂಧೀಜಿಯವರು ಸ್ತ್ರೀಯರನ್ನು ಸೇರಿಸಿಕೊಂಡಿರಲಿಲ್ಲ. ಕಮಲಾದೇವಿಯವರು ದಾರಿಯಲ್ಲಿಯೇ ಅವರನ್ನು ಕಂಡು ವಾದಿಸಿ, ಸತ್ಯಾಗ್ರಹದ ಬಾಗಿಲನ್ನು ಸ್ತ್ರೀಯರಿಗೆ ತೆರೆಯಿಸಿದವರಲ್ಲಿ ಒಬ್ಬರಾದರು. ಮುಂಬಯಿಯ ಸಮುದ್ರತೀರದಲ್ಲಿ ಮೊದಲ ತಂಡದೊಂದಿಗೆ ಉಪ್ಪು ಮಾಡಲು ಹೋದ ಇಬ್ಬರು ಸ್ತ್ರೀಯರಲ್ಲಿ ಅವಂತಿಕಾಬಾಯಿ ಗೋಖಲೆಯವರು ಒಬ್ಬರು, ಇವರು ಇನ್ನೊಬ್ಬರು. ಆ ಉಪ್ಪನ್ನು ಪೊಟ್ಟಣ ಕಟ್ಟಿ ಮುಂಬಯಿಯ ಶೇರು ಪೇಟೆಯೊಳಗೆ ನುಗ್ಗಿ ಮಾರಿದರು. ಅದೇ ವರ್ಷ ಮುಂಬಯಿಯ ಒಂದು ಜಗ್ಗಾಟದಲ್ಲಿ ಪೋಲೀಸರು ಕಸಿದುಕೊಳ್ಳಬಂದ ಧ್ವಜವನ್ನು ಅಪ್ಪಿ ಹಿಡಿದು, ಪೆಟ್ಟು ಬಿದ್ದರೂ ಬಿಡಲಿಲ್ಲ. ನಾಗಪುರದಲ್ಲಿ ಹುಬ್ಬಳ್ಳಿಯ ಹುಡುಗರು ಯಾವ ಖಾದಿಯ ತುಂಡಿಗಾಗಿ ಸೆರೆಮನೆ ಸೇರಿದರೋ ಆ ಖಾದಿಯ ತುಂಡೇ ಇದು. ಈ ಮಾತಿಗೆ ನಾವು ಕೊನೆಯಲ್ಲಿ ಮತ್ತೆ ಬರುತ್ತೇವೆ.

ನಡುವಿನ ವರ್ಷಗಳನ್ನು ಬೇಗನೆ ದಾಟುತ್ತೇವೆ. 1931ರಲ್ಲಿ ಮೃಚ್ಛಕಟಿಕದ ಕಥೆಯ ಮೂಕ ಚಲಚ್ಚಿತ್ರದಲ್ಲಿ, ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಬಣ್ಣ ಹಚ್ಚುವುದು ಮಹಾಪರಾಧವಾಗಿದ್ದ ಕಾಲಕ್ಕೆ, ಪಾತ್ರ ವಹಿಸಿದರು. ಹರೀಂದ್ರನಾಥರಿಂದ ಕಾನೂನಿನ ಮೂಲಕ ಬೇರೆಯಾದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆಯಾದರು. ಅನೇಕ ಸಲ ಸೆರೆಮನೆ ಕಂಡರು; ಹೊರದೇಶಗಳನ್ನು ಸುತ್ತಿದರು. ಇಷ್ಟೆಲ್ಲ ಆದ ಮೇಲೆ 1947 ಬಂದಾಗ ಮಂತ್ರಿಗಳ ಸಾಲಿನಲ್ಲಿ ಅವರು ಕುಳಿತಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅವರು ಕುಳಿತುಕೊಳ್ಳಲಿಲ್ಲ. ಅಧಿಕಾರದ ಮನೆಯ ಬಾಗಿಲಲ್ಲಿ ನೂಕುನುಗ್ಗಲು ನಡೆದಿರುವಾಗ ಅವರು ನಿರಾಶ್ರಿತರ ಡೇರೆಗಳ ಕಡೆಗೆ ಹೋದರು.

ದೇಶದ ವಿಭಜನೆಯಿಂದ ಮನೆಮಾರು ಕಳೆದುಕೊಂಡು ಬಂದವರಿಗೆ ಭಿಕ್ಷೆಯಲ್ಲ, ಉದ್ಯೋಗ ಬೇಕೆಂಬುದು ಅವರ ನಿಲುವಾಗಿತ್ತು. 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟವನ್ನು ಕಟ್ಟಿದರು. ವಾಯವ್ಯ ಗಡಿ ಪ್ರಾಂತದಿಂದ ಬಂದ ಸುಮಾರು 50 ಸಾವಿರ ಜನರಿಗಾಗಿ ದಿಲ್ಲಿಯ ಹತ್ತಿರ ಫರೀದಾಬಾದ ಎಂಬ ಹೊಸ ಊರು ಎದ್ದಾಗ ಆ ಜನರು ತಮ್ಮ ಮನೆಗಳನ್ನು ತಾವೇ ಕಟ್ಟಿಕೊಳ್ಳುವಂತೆ, ಕೈಕಸುಬು ಕಲಿಯುವಂತೆ ಮಾಡುವಲ್ಲಿ ಈ ಒಕ್ಕೂಟವು ಮುಂದಾಯಿತು. ಕೈಯಲ್ಲಿ ಕೆಲಸವಿರುವವನು ತಲೆಯೆತ್ತಿ ನಡೆಯುತ್ತಾನೆ, ಆದರೆ ಮಾಡಿದ ವಸ್ತುವನ್ನು ಕೊಳ್ಳುವವರಿಲ್ಲದಿದ್ದರೆ ಆ ಕೆಲಸವು ಆರು ತಿಂಗಳು ನಡೆಯದು ಎಂಬುದು ಅಲ್ಲಿ ಕಣ್ಣಾರೆ ಕಂಡ ಸಂಗತಿ.

ಆದ್ದರಿಂದಲೇ 1952ರಲ್ಲಿ ದಿಲ್ಲಿಯ ಕೇಂದ್ರ ಗೃಹೋದ್ಯೋಗ ಮಳಿಗೆಯನ್ನು ಸರಕಾರವು ಒಕ್ಕೂಟಕ್ಕೆ ಒಪ್ಪಿಸಿದಾಗ ಕಮಲಾದೇವಿಯವರು ಅಂಗಡಿಯ ಕೆಲಸವನ್ನು ಕೀಳೆಂದು ಬಗೆಯಲಿಲ್ಲ. ಸತ್ಯಾಗ್ರಹದ ವೀರವನಿತೆಯು ಬಟ್ಟೆಯಂಗಡಿ ನಡೆಯಿಸುವುದೇ ಎಂದು ಅಣಕಿಸಿದವರಿದ್ದರು. ಆದರೆ ಒರಿಸ್ಸಾದ ನೇಕಾರನೂ ತಮಿಳುನಾಡಿನ ನೇಕಾರನೂ ನೆಯ್ದ ಸೀರೆಗಳು ಒಂದೇ ಸೂರಿನಡಿ, ಕೊಳ್ಳುವ ಶಕ್ತಿಯುಳ್ಳ ಪಟ್ಟಣಿಗರ ಕೈಗೆ ಸಿಗುವಂತಾದುದು ಆ ಮಳಿಗೆಯಿಂದ. ತನ್ನ ಜಿಲ್ಲೆಯ ಸಂತೆಯನ್ನು ಬಿಟ್ಟು ಬೇರೆ ಗಿರಾಕಿಯನ್ನು ಕಾಣದಿದ್ದ ನೇಕಾರನಿಗೆ ಇಡಿಯ ದೇಶವೇ ಸಂತೆಯಾಯಿತು. ದಿಲ್ಲಿಯ ದೊಡ್ಡ ಮನೆತನದ ಹೆಂಗಸರು ವಿಲಾಯತಿ ಶಿಫಾನು, ಜಾರ್ಜೆಟ್ಟುಗಳನ್ನು ಬಿಟ್ಟು ಹಳ್ಳಿಯ ಮಗ್ಗದ ಸೀರೆಯನ್ನುಟ್ಟು ಸಮಾರಂಭಕ್ಕೆ ಹೋಗುವುದು ಪ್ರತಿಷ್ಠೆಯ ಮಾತಾಯಿತು. ಇಂದು ನಮ್ಮ ಜವಳಿ ಸಾಲಿನ ಗಾಜಿನ ಕಪಾಟಿನಲ್ಲಿ ಕಾಣುವ ನೋಟದ ಮೂಲವು ಅಲ್ಲಿದೆ.

ಇಲ್ಲಿ ಒಂದು ಭೇದವನ್ನು ವಾಚಕರು ಗಮನಿಸಬೇಕು. ಖಾದಿಯೆಂದರೆ ಕೈಯಿಂದ ನೂತು ಕೈಯಿಂದ ನೆಯ್ದದ್ದು. ಕೈಮಗ್ಗದ ಬಟ್ಟೆಯೆಂದರೆ ನೆಯ್ಗೆಯು ಕೈಯದು, ನೂಲು ಗಿರಣಿಯದಾಗಿರಬಹುದು. ನಮ್ಮ ಇಳಕಲ್ಲಿನ, ಗುಳೇದಗುಡ್ಡದ, ರಬಕವಿ-ಬನಹಟ್ಟಿಯ ನೇಕಾರರು ಬಹುಕಾಲದಿಂದ ಗಿರಣಿಯ ನೂಲನ್ನೂ ರೇಷ್ಮೆಯನ್ನೂ ಬಳಸುವವರು. ಖಾದಿಯ ಶುದ್ಧ ವ್ರತದ ಲೆಕ್ಕದಲ್ಲಿ ಇವರಿಗೆ ಸ್ಥಾನವಿರಲಿಲ್ಲ. ಬಿಳಿಯ ಖಾದಿಯು ದೇಶಕ್ಕೆ ಕೊಟ್ಟ ತೇಜಸ್ಸನ್ನು ನಾವು ಎಂದಿಗೂ ಅಲ್ಲಗಳೆಯುವವರಲ್ಲ; ನಮ್ಮ ಮೈಮೇಲಿನ ಅಂಗಿಯೇ ಅದಕ್ಕೆ ಸಾಕ್ಷಿ. ಆದರೆ ಮದುಮಗಳಿಗೆ ಕೆಂಪು ಸೆರಗು ಬೇಕು, ಬಾಣಂತಿಗೆ ಹಸಿರು ಖಣ ಬೇಕು. ಕಮಲಾದೇವಿಯವರು ಗಾಂಧೀಜಿಯವರ ಶಿಷ್ಯೆಯಾಗಿದ್ದೂ ಬಣ್ಣವನ್ನು ಪಾಪವೆಂದು ಬಗೆಯದೆ, ಖಾದಿಯ ಬೇಲಿಯ ಹೊರಗೆ ನಿಂತಿದ್ದ ಲಕ್ಷಾಂತರ ಕುಶಲಕರ್ಮಿಗಳನ್ನೂ ರಾಷ್ಟ್ರದ ಕೆಲಸದ ಒಳಗೆ ಕರೆದರು. ಅವರ ಜೀವಿತದಲ್ಲಿ ಇದೇ ದೊಡ್ಡ ಹೆಜ್ಜೆಯೆಂದು ನಮ್ಮ ಅಭಿಪ್ರಾಯ.

ಅದೇ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯು ಸ್ಥಾಪಿತವಾಗಿ ಅದರ ನಾಯಕತ್ವವು ಅವರ ಕೈಗೆ ಬಂದಿತು. ಕೈಮಗ್ಗಕ್ಕೆ ಬೇರೊಂದು ಮಂಡಳಿಯಾಯಿತು. ಆ ಭಾರವನ್ನು ಪುಪುಲ್ ಜಯಕರ ಮೊದಲಾದವರು ಹೆಚ್ಚಾಗಿ ಹೊತ್ತರೆಂಬುದನ್ನೂ ಹೇಳುವುದು ನ್ಯಾಯ. ಕಮಲಾದೇವಿಯವರ ಪಾಲಿಗೆ ಬಂದದ್ದು ಕಸೂತಿ, ಅಚ್ಚು, ಬಣ್ಣ, ಕುಂಬಾರಿಕೆ, ಕಂಚು, ಮರ, ಚಾಪೆ, ಬುಟ್ಟಿ, ಎಲ್ಲವೂ. ಅವರು ರೈಲಿನಲ್ಲಿ, ಜೀಪಿನಲ್ಲಿ, ಕಾಲ್ನಡಿಗೆಯಲ್ಲಿ ಹಳ್ಳಿಗಳನ್ನು ಸುತ್ತಿ, ಯಾವ ಕಸುಬಿನಲ್ಲಿ ಬಲ್ಲವರು ಎಷ್ಟು ಜನ ಉಳಿದಿದ್ದಾರೆಂದು ನೋಡಿದರು. ಶ್ರೀಕಾಳಹಸ್ತಿಯ ಕಲಂಕಾರಿಯನ್ನೇ ನೋಡಿರಿ. ಲೇಖನಿಯಂಥ ಬಿದಿರಿನ ಕಡ್ಡಿಯಿಂದ ಬಟ್ಟೆಯ ಮೇಲೆ ಪುರಾಣದ ಚಿತ್ರಗಳನ್ನು ಬರೆಯುವ ಆ ವಿದ್ಯೆಯು ಬೆರಳೆಣಿಕೆಯ ವೃದ್ಧರಲ್ಲಿ ಉಳಿದಿತ್ತು. 1957ರಲ್ಲಿ ಅಲ್ಲಿ ತರಬೇತಿಯ ಶಾಲೆಯಾಯಿತು, ವೃದ್ಧರು ಗುರುಗಳಾದರು, ಹುಡುಗರಿಗೆ ವಿದ್ಯಾರ್ಥಿವೇತನ ದೊರೆಯಿತು. ಇಂದು ಕಲಂಕಾರಿಯ ಸೀರೆ ಕುಪ್ಪಸಗಳು ಹುಬ್ಬಳ್ಳಿಯ ಅಂಗಡಿಯಲ್ಲಿಯೂ ಸಿಗುತ್ತವೆ. ಬೆಂಗಳೂರು, ಮುಂಬಯಿ, ಕಲಕತ್ತೆ, ದಿಲ್ಲಿಗಳಲ್ಲಿ ವಿನ್ಯಾಸ ಕೇಂದ್ರಗಳು ತೆರೆದವು. 1965ರಿಂದ ನಿಪುಣ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ ಬಂದಿತು. ನೇಕಾರನ, ಕುಂಬಾರನ ಹೆಸರು ಸರಕಾರದ ಕಾಗದದಲ್ಲಿ ಸಾಲಗಾರನೆಂದಲ್ಲದೆ ಬೇರೆ ಕಾರಣಕ್ಕಾಗಿ ಬರೆಯಲ್ಪಟ್ಟುದು ಬಹುಶಃ ಅದೇ ಮೊದಲು.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಇಳಕಲ್ ಸೀರೆಯ ಮರ್ಮವಿರುವುದು ಅದರ ಸೆರಗಿನಲ್ಲಿ. ಮೈಯ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದೊಂದು ಸೀರೆಗೂ ಈ ಜೋಡಣೆಯು ಹೊಸದಾಗಿ ಆಗಬೇಕು. ಮನೆಯ ಹೆಂಗಸರು, ಮಕ್ಕಳು ಕುಳಿತು ಮಾಡುವ ಈ ಕೆಲಸಕ್ಕೆ ಕೂಲಿಯ ಲೆಕ್ಕದಲ್ಲಿ ಹೆಸರೇ ಇರುವುದಿಲ್ಲ. ಕೆಂಪಿನ ಮೇಲೆ ಬಿಳಿಯ ತೆನೆಗಳು ಮೂಡುವ ಆ ಸೆರಗಿಗೆ ತೋಪುತೆನೆಯೆಂದು ಹೆಸರು. ಅದರ ಮೇಲೆ ಧಾರವಾಡದ ಸೀಮೆಯ ಹೆಣ್ಣುಮಕ್ಕಳು ಕಸೂತಿ ಹಾಕುತ್ತಿದ್ದರು: ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿಯ ಆನೆ. ಬಟ್ಟೆಯ ಮೇಲೆ ಗೆರೆಯನ್ನೂ ಎಳೆಯದೆ, ಎಳೆಗಳನ್ನು ಎಣಿಸಿಯೇ ಸೂಜಿಯಾಡಿಸಬೇಕು. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಗಂಟು ಕಾಣಿಸದೆ ಒಳಮೈಯೂ ಹೊರಮೈಯೂ ಒಂದೇ ಆಗಿರಬೇಕು. ಮದುಮಗಳ ಕಪ್ಪು ಚಂದ್ರಕಳಿ ಸೀರೆಗೆ ಇಂಥ ಕಸೂತಿಯು ಭೂಷಣವಾಗಿತ್ತು. ಭಾರತದ ಕಸೂತಿಗಳನ್ನು ಕುರಿತು ಕಮಲಾದೇವಿಯವರು 1977ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಆದರೆ ಆ ಗ್ರಂಥವು ಹೊರಬಂದ ದಿನಗಳಲ್ಲಿ ನಮ್ಮ ಮನೆಗಳಲ್ಲಿ ನಡೆಯುತ್ತಿದ್ದುದೇನು? ನಾಯಲಾನು, ಟೆರಿಲಿನ್ನುಗಳ ಮಹಾಪೂರ. ತೊಳೆದರೆ ಗಳಿಗೆಯಲ್ಲಿ ಒಣಗುತ್ತದೆ, ಇಸ್ತ್ರಿ ಬೇಡ, ಹರಿಯುವುದಿಲ್ಲ. ನಮ್ಮ ತಾಯಿಯವರೂ ತಮ್ಮ ಇಳಕಲ್ ಸೀರೆಗಳನ್ನು ನುಸಿಗುಳಿಗೆಯಿಟ್ಟು ಟ್ರಂಕಿನಲ್ಲಿ ಹಾಕಿ ನಾಯಲಾನು ಉಟ್ಟರು. ಅವರನ್ನು ನಾವು ದೂಷಿಸಲಾರೆವು. ಬಾವಿಯಿಂದ ನೀರು ಸೇದಿ ಎಂಟು ಮಂದಿಯ ಬಟ್ಟೆ ಒಗೆಯುವವರಿಗೆ ಬೇಗನೆ ಒಣಗುವ ಸೀರೆಯು ದೇವರ ವರವಾಗಿತ್ತು. ಇತ್ತ ವಿದ್ಯುತ್ ಮಗ್ಗಗಳು ಹೆಚ್ಚಿದವು. ಅನೇಕ ನೇಕಾರ ಮನೆಗಳಲ್ಲಿ ಗುಂಡಿಮಗ್ಗದ ಗುಂಡಿಗಳಿಗೆ ಮಣ್ಣು ಬಿದ್ದಿತು.

ಕಮಲಾದೇವಿಯವರ ಮಾರ್ಗದಲ್ಲಿ ಕೊರತೆಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ದಿಲ್ಲಿಯ ಮಳಿಗೆಯಿಂದ ಹಳ್ಳಿಯ ಬಟ್ಟೆಗೆ ಮಾನ ಬಂದಿತು, ಬೆಲೆಯೂ ಏರಿತು. ಆದರೆ ಆ ಬಟ್ಟೆಯನ್ನು ನಿತ್ಯವೂ ಉಡುತ್ತಿದ್ದ ಹಳ್ಳಿಯ ಬಡವರಿಗೆ ಅದು ನಿಲುಕದಾಯಿತು. ಒಕ್ಕಲಗಿತ್ತಿಯ ಸೀರೆಯು ಅಧಿಕಾರಿಯ ಹೆಂಡತಿಯ ಸೀರೆಯಾಯಿತು. ಅಧಿಕಾರಿಯ ಹೆಂಡತಿಯು ವರ್ಷಕ್ಕೆ ಒಂದನ್ನು ಕೊಂಡಾಳು. ಒಕ್ಕಲಗಿತ್ತಿಯರು ಸಾವಿರ ಜನ ವರ್ಷಕ್ಕೆ ಎರಡೆರಡು ಕೊಳ್ಳುತ್ತಿದ್ದರು. ಇನ್ನು ಮಂಡಳಿಗಳೂ ಸಂಘಗಳೂ ಅವರ ಕೈಯಲ್ಲಿದ್ದಷ್ಟು ದಿನ ಅವುಗಳಿಗೆ ಪ್ರಾಣವಿತ್ತು. ಕೈ ತಪ್ಪಿದ ಬಳಿಕ ಹಲವು ಕಡೆ ಕಡತಗಳು ಮಾತ್ರ ಉಳಿದವು. ಒಬ್ಬ ವ್ಯಕ್ತಿಯ ಕಣ್ಣಳತೆಯ ಮೇಲೆ ನಿಂತ ಕೆಲಸಕ್ಕೆ ಈ ಅಪಾಯವು ತಪ್ಪದು. ಆದರೂ ಅವರು ಕಾಯ್ದಿಡದಿದ್ದರೆ ಇಂದು ಈ ವಾದವನ್ನು ಮಾಡಲು ಬಟ್ಟೆಯೇ ಉಳಿದಿರುತ್ತಿರಲಿಲ್ಲ.

ಮಾನಸಮ್ಮಾನಗಳು ತಾವಾಗಿ ಬಂದವು: 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ ಪಾರಿತೋಷಕ, 1987ರಲ್ಲಿ ಪದ್ಮವಿಭೂಷಣ. 1964ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪಕರಲ್ಲಿ ಅವರೂ ಒಬ್ಬರು. ಆತ್ಮಚರಿತ್ರೆಯನ್ನು 1986ರಲ್ಲಿ ಪ್ರಕಟಿಸಿದರು. 1988ರ ಅಕ್ಟೋಬರ 29ರಂದು ಮುಂಬಯಿಯಲ್ಲಿ, ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ ದೇಹವನ್ನಿಟ್ಟರು.

ಅವರ ಕೊನೆಯ ದಿನಗಳಲ್ಲಿಯೇ, 1987-88ರಲ್ಲಿ, ದೇಶದ ಮೊದಲ ಕೈಮಗ್ಗ ಗಣತಿಯು ನಡೆಯಿತು. ಆಗ ನೆಯ್ಗೆಯಲ್ಲಿಯೂ ಅದಕ್ಕೆ ಪೂರಕವಾದ ಕೆಲಸಗಳಲ್ಲಿಯೂ ಇದ್ದವರು ಸುಮಾರು 67 ಲಕ್ಷ ಜನ. 2009-10ರ ಗಣತಿಯಲ್ಲಿ 43 ಲಕ್ಷಕ್ಕೆ ಇಳಿದರು; 2019-20ರ ಗಣತಿಯಲ್ಲಿ 35 ಲಕ್ಷ. ಹಳೆಯ ಉಡುಗೆಯು ಮರಳಿ ರೂಢಿಗೆ ಬಂದಿತೆಂದು ನಾವೆಲ್ಲರೂ ಹಿಗ್ಗುತ್ತಿರುವ ಈ ವರ್ಷಗಳಲ್ಲಿಯೇ ಅದನ್ನು ನೇಯುವ ಕೈಗಳು ಅರ್ಧಕ್ಕೆ ಇಳಿದಿವೆ. ಹಾಗಾದರೆ ಅಂಗಡಿಗಳಲ್ಲಿ ತುಂಬಿರುವ ಸೀರೆಗಳು ಎಲ್ಲಿಂದ ಬಂದವು?

ಇದಕ್ಕೆ ಉತ್ತರವು ನಮಗೆ ನಮ್ಮ ಮನೆಯ ಲಗ್ನದಲ್ಲಿಯೇ ದೊರೆಯಿತು. ಮಗಳ ಮದುವೆಗೆಂದು ನಾವು ಈ ಅವಳಿ ನಗರದ ಒಂದು ದೊಡ್ಡ ಅಂಗಡಿಯಿಂದ ಕೈಮಗ್ಗದ ಇಳಕಲ್ ಸೀರೆಯೆಂದು ಹೇಳಿಸಿಕೊಂಡು, ಕೈಮಗ್ಗದ ಬೆಲೆಯನ್ನೇ ತೆತ್ತು ಒಂದು ಸೀರೆಯನ್ನು ತಂದೆವು. ಅಂಗಡಿಯ ಹೆಸರು ಇಲ್ಲಿ ಬೇಡ. ಲಗ್ನಕ್ಕೆ ಬಂದಿದ್ದ ವೃದ್ಧ ನೇಕಾರರೊಬ್ಬರು ಸೀರೆಯನ್ನು ಮಗುಚಿ, ಸೆರಗು ಮೈಗೆ ಕೂಡುವಲ್ಲಿ ಹೆಬ್ಬೆರಳನ್ನು ಆಡಿಸಿದರು. ಅಲ್ಲಿ ಕೊಂಡಿಯ ಗೆರೆಯೇ ಇರಲಿಲ್ಲ. ಸೆರಗಿನ ಮೇಲಿನ ಕಸೂತಿಯ ಆನೆಗಳು ಹಿಂಬದಿಯಲ್ಲಿ ಕಾಣಿಸಲಿಲ್ಲ. ಅವು ಅಚ್ಚು ಹೊಡೆದ ಆನೆಗಳು. ಅವರು ಏನೂ ಅನ್ನದೆ ಮಡಿಕೆಯನ್ನು ಮೊದಲಿನಂತೆಯೇ ಸರಿಯಾಗಿ ಮಡಿಸಿ ನಮ್ಮ ಕೈಗಿತ್ತರು. ಊಟದ ಹೊತ್ತಿನವರೆಗೂ ನಮಗೆ ಅವರ ಮುಖವನ್ನು ನೋಡಲಾಗಲಿಲ್ಲ. ಖಣದ ಮಾತೂ ಇದೇ. ಖಣವು ಕುಪ್ಪಸದ ಬಟ್ಟೆ. ನಮ್ಮ ಹಿರಿಯರು ಖಣದ ಸೀರೆಯನ್ನು ಕಂಡವರಲ್ಲ. ಈಗ ಖಣದ ಸೀರೆಯೆಂದು ಸಾವಿರಗಟ್ಟಲೆ ಮಾರಾಟವಾಗುತ್ತಿರುವುದರಲ್ಲಿ ಬಹುಪಾಲು ವಿದ್ಯುತ್ ಮಗ್ಗದ್ದು.

ವಿದ್ಯುತ್ ಮಗ್ಗದವನೂ ಬಡವನೇ; ಅವನ ಬಟ್ಟೆಯನ್ನು ಅವನ ಹೆಸರಿನಿಂದ, ಅವನ ಬೆಲೆಗೆ ಮಾರಿದರೆ ನಮ್ಮ ತಕರಾರಿಲ್ಲ. ಇದಕ್ಕಾಗಿ ಕಾನೂನೂ ಇದೆ. ಕಮಲಾದೇವಿಯವರು ಬದುಕಿದ್ದಾಗಲೇ, 1985ರಲ್ಲಿ, ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಮೀಸಲಿಡುವ ಕಾಯಿದೆಯು ಪಾರ್ಲಿಮೆಂಟಿನಲ್ಲಿ ಪಾಸಾಯಿತು. ಮೊದಲು 22 ಬಗೆಗಳಿದ್ದವು. ಮುಂದೆ ಅವನ್ನು 11ಕ್ಕೆ ಇಳಿಸಿದರು. ಆ ಹನ್ನೊಂದರಲ್ಲಿ ಸೀರೆಯೂ ಇದೆ, ಧೋತರವೂ ಇದೆ. ಅವರು ಕಟ್ಟಿ ಬೆಳೆಸಿದ ಕರಕುಶಲ ಮಂಡಳಿಯನ್ನೂ ಅದರ ಜೊತೆಗೆ ಹುಟ್ಟಿದ ಕೈಮಗ್ಗ ಮಂಡಳಿಯನ್ನೂ 2020ರಲ್ಲಿ, ಜುಲೈ ಕೊನೆಯಿಂದ ಆಗಸ್ಟ ಮೊದಲಿನೊಳಗೆ, ಕೇಂದ್ರ ಸರಕಾರವು ರದ್ದು ಮಾಡಿತು. ಅವು ಬಹುದಿನದಿಂದ ಸಲಹೆ ಕೊಡುವ ಸಭೆಗಳಾಗಿ ಮಾತ್ರ ಉಳಿದಿದ್ದವೆಂದು ಹೇಳುವವರಿದ್ದಾರೆ. ಇರಬಹುದು. ಆದರೆ ನೇಕಾರನು ಸರಕಾರದ ಸರಿಸಮಾನವಾಗಿ ಕುಳಿತು ಮಾತನಾಡಬಹುದಾಗಿದ್ದ ಜಾಗವೂ ಅದರೊಂದಿಗೆ ಹೋಯಿತು.

ಧ್ವಜದ ಮಾತಿಗೆ ಮರಳಿ ಬರುತ್ತೇವೆಂದು ಹೇಳಿದ್ದೆವು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರ ನವೆಂಬರ 1ರಂದು ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಪ್ರಮಾಣಬದ್ಧವಾದ ಖಾದಿಯ ರಾಷ್ಟ್ರಧ್ವಜವನ್ನು ಹೊಲಿಯುತ್ತದೆ. ನೂಲಿನ ಎಣಿಕೆ, ಬಣ್ಣದ ಪಕ್ಕಾತನ, ಚಕ್ರದ ಅಳತೆ, ಒಂದರಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಧ್ವಜವು ಪರೀಕ್ಷೆಯಲ್ಲಿ ನಿಲ್ಲದು. ಆ ಕೆಲಸ ಮಾಡುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. 2021ರ ಡಿಸೆಂಬರ 30ರಂದು ಧ್ವಜಸಂಹಿತೆಯನ್ನು ತಿದ್ದಿ, ಪಾಲಿಯೆಸ್ಟರಿನ, ಯಂತ್ರದ ಬಟ್ಟೆಯ ಧ್ವಜಕ್ಕೂ ಅವಕಾಶ ಕೊಡಲಾಯಿತು. ಮರುವರ್ಷ ಮನೆಮನೆಯ ಮೇಲೂ ಧ್ವಜವು ಹಾರಿತು. ಬೆಂಗೇರಿಯವರು ಬೇಡಿಕೆ ಕುಗ್ಗಿತೆಂದು ದುಃಖಪಟ್ಟರು.

ಈ ಪತ್ರಿಕೆಯ ವಾಚಕರಲ್ಲಿ ಅಧಿಕಾರಿಗಳೂ ಅನೇಕರಿದ್ದಾರೆ. 1985ರ ಕಾಯಿದೆಯನ್ನು ಜಾರಿಯಲ್ಲಿ ತರಬೇಕಾದ ಖಾತೆಯು ಜವಳಿ ಸಾಲಿನ ಅಂಗಡಿಗಳಲ್ಲಿ ಕೈಮಗ್ಗದ್ದೆಂದು ಮಾರುವ ಸೀರೆಗಳ ಸೆರಗನ್ನು ಮಗುಚಿ ನೋಡಿದ್ದು ಯಾವಾಗ, ಎಷ್ಟು ಸಲ ಎಂಬುದನ್ನು ತಿಳಿಸಿದರೆ ಆ ಉತ್ತರಕ್ಕೆ ಇದೇ ಪುಟದಲ್ಲಿ ಸ್ಥಳ ಕೊಡುತ್ತೇವೆ. ನಾವಂತೂ ಅಂಗಡಿಯ ಸೀರೆಯನ್ನು ಮರಳಿಸಿ, ಆ ವೃದ್ಧ ನೇಕಾರರಲ್ಲಿಯೇ ಇನ್ನೊಂದನ್ನು ಹೇಳಿಸಿದ್ದೇವೆ. ಕೊಂಡಿ ಹಾಕಲು ಅವರ ಮನೆಯಲ್ಲಿ ಈಗ ಸೊಸೆಯೊಬ್ಬರೇ ಉಳಿದಿರುವುದರಿಂದ ದೀಪಾವಳಿಯವರೆಗೆ ಕಾಯಬೇಕಾಗುವುದೆಂದು ತಿಳಿಸಿದ್ದಾರೆ.